ಅರಣ್ಯ ಹಕ್ಕಿನ ಅರ್ಜಿ ‘ತಿರಸ್ಕೃತ’ ಆದ ಮೇಲೆ: ಕೋಟೆ, ಹುಣಸೂರು ಕಡೆಯ ಹಾಡಿಗಳಿಗೆ ದಾರಿ ಯಾವುದು?

ಕಪಿಲಾ ದಂಡೆ
ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಜೇನು ಕುರುಬರ ಹಾಡಿ (ಆದಿವಾಸಿಗಳ ಸಣ್ಣ ಊರು). ಹದಿನೆಂಟು ತುಂಬಿದವರು 120 ಮಂದಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ನಮೂನೆ ‘ಎ’ಯಲ್ಲಿ (ಒಬ್ಬೊಬ್ಬರ ಭೂಮಿ ಹಕ್ಕಿನದು) 43 ಅರ್ಜಿ ಹೋಗಿದ್ದವು, 31 ತಿರಸ್ಕೃತ. ಅರ್ಜಿದಾರರ ಕೈಗೆ ಹಿಂಬರಹ (ತೀರ್ಮಾನ ತಿಳಿಸುವ ಪತ್ರ) ಕೊಟ್ಟಿಲ್ಲ. ಪಂಚಾಯ್ತಿಯಲ್ಲಿರುವ ಪಟ್ಟಿಯಲ್ಲಿ ಹೆಸರಿನ ಎದುರು ಷರಾ ಮಾತ್ರ ಇದೆ. ಕೆಲವಕ್ಕೆ ‘75 ವರ್ಷದ ದಾಖಲೆ ಇಲ್ಲ’, ಕೆಲವಕ್ಕೆ ‘ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಂಡುಬಂದಿಲ್ಲ’, ಉಳಿದವಕ್ಕೆ ಬರೀ ‘ತಿರಸ್ಕೃತ’. ಇನ್ನು ಎಬ್ಬಿಸ್ತಾರಂತೆ ಅನ್ನೋ ಮಾತು ಹಾಡಿಯಲ್ಲಿ ಓಡಾಡುತ್ತಿದೆ. ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದೊಳಗೆ, ಜೊತೆಗೆ ಏನೇನು ಇಡಬೇಕು? ದಯವಿಟ್ಟು ‘ವಕೀಲರನ್ನು ಕಾಣಿ’ ಅಂತಷ್ಟೇ ಬರೆದು ಹೋಗಬೇಡಿ.

ಕೋರ್ಟ್ ಹಾಲ್ 3
ಮೇಡಂ, ಎಬ್ಬಿಸೋ ಮಾತನ್ನು ಮೊದಲು ಮುಗಿಸೋಣ. ಕಾಯ್ದೆಯ ಸೆಕ್ಷನ್ 4(5): ಹಕ್ಕು ಗುರುತಿಸಿ ಪರಿಶೀಲಿಸುವ ಪ್ರಕ್ರಿಯೆ ಪೂರ್ತಿ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ತಿರಸ್ಕೃತರನ್ನು ಎಬ್ಬಿಸಿ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 13ರಂದು ಹೇಳಿದ್ದು ನಿಜ. ಆದರೆ ಅದೇ ತಿಂಗಳು 28ರಂದು ಆ ಆದೇಶವನ್ನು ತಾನೇ ತಡೆಹಿಡಿದು, ತಿರಸ್ಕರಿಸುವಾಗ ಯಾವ ಕ್ರಮ ಅನುಸರಿಸಿದಿರಿ ಎಂದು ರಾಜ್ಯಗಳನ್ನು ಕೇಳಿತು. ಮೊದಲನೆಯ ಆದೇಶ ಮಾತ್ರ ಎಲ್ಲರಿಗೂ ನೆನಪಿದೆ, ಹದಿನೈದು ದಿನದ ನಂತರದ್ದು ಯಾರಿಗೂ ಇಲ್ಲ.

ಈಗ ಷರಾಗಳು. ‘75 ವರ್ಷದ ದಾಖಲೆ ಇಲ್ಲ’ ಎಂದು ಜೇನು ಕುರುಬರ ಅರ್ಜಿಯ ಮೇಲೆ ಬರೆದಿದ್ದರೆ ಅದು ಕಾನೂನು ಓದದೆ ಬರೆದದ್ದು. ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕಾದದ್ದು ‘ಇತರ ಪಾರಂಪರಿಕ ಅರಣ್ಯವಾಸಿ’ಗಳು ಮಾತ್ರ, ಪರಿಶಿಷ್ಟ ಪಂಗಡಕ್ಕೆ ಸೇರದವರು. ಜೇನು ಕುರುಬರಂಥ ಪರಿಶಿಷ್ಟ ಪಂಗಡದವರು ತೋರಿಸಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮುಂಚೆಯೇ ಆ ಜಾಗ ಅವರ ಅನುಭವದಲ್ಲಿತ್ತು ಮತ್ತು ಬದುಕು ಕಾಡನ್ನೇ ನೆಚ್ಚಿತ್ತು ಎಂಬುದನ್ನು. ಇದೊಂದರ ಮೇಲೇ ಆ ಅರ್ಜಿಗಳೆಲ್ಲ ವಾಪಸ್ ಬರಬೇಕು. ಜಾತಿ ಪ್ರಮಾಣಪತ್ರ ಅರ್ಜಿಗೆ ಲಗತ್ತಿಸಿತ್ತೇ ನೋಡಿ. ನಾಡಕಚೇರಿಯ ಪ್ರಮಾಣಪತ್ರದಲ್ಲಿ ‘ಜೇನು ಕುರುಬ’ ಬದಲು ಬರೀ ‘ಕುರುಬ’ ಎಂದು ಬಿದ್ದಿದ್ದರೆ ಅಲ್ಲೇ ಎಡವಟ್ಟು, ವರ್ಗವೇ ಬದಲಾಗುತ್ತದೆ.

ಪಂಚಾಯ್ತಿ ಕಟ್ಟೆ
ತಿರಸ್ಕರಿಸಿದ್ದು ಯಾರು ಅನ್ನೋದು ಗೊತ್ತಾಗದೆ ಮೇಲ್ಮನವಿ ಎಲ್ಲಿಗೆ ಹಾಕ್ತೀರಾ? ಮೂರು ಹಂತ ಇದೆ. ಗ್ರಾಮಸಭೆ ತಿರಸ್ಕರಿಸಿದ್ದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ ಎಲ್ಲಕ್ಕೂ ಅದು ಹುಣಸೂರು ಎಸಿಯವರ (ಉಪವಿಭಾಗಾಧಿಕಾರಿ) ಅಧ್ಯಕ್ಷತೆಯ ಸಮಿತಿ. ಆ ಸಮಿತಿ ತಿರಸ್ಕರಿಸಿದ್ದರೆ ಮತ್ತೆ 60 ದಿನದೊಳಗೆ ಡಿಸಿಯವರ ಜಿಲ್ಲಾ ಸಮಿತಿಗೆ. ಕೆಳಗಿನದನ್ನು ಬಿಟ್ಟು ನೇರ ಜಿಲ್ಲಾ ಸಮಿತಿಗೆ ಹೋಗೋ ಹಾಗಿಲ್ಲ. ಜಿಲ್ಲಾ ಸಮಿತಿಯೇ ತಿರಸ್ಕರಿಸಿದ್ದರೆ ಕಾಯ್ದೆಯೊಳಗೆ ಇನ್ನು ಮೆಟ್ಟಿಲಿಲ್ಲ, ಹೈಕೋರ್ಟೇ.

ನಾಲ್ಕನೆಯದೂ ಒಂದುಂಟು, ಅದೇ ಜಾಸ್ತಿ. ಯಾರೂ ತಿರಸ್ಕರಿಸಿರೋದೇ ಇಲ್ಲ! ಸ್ಥಳ ತನಿಖೆಗೆ ಬಂದವರೊಬ್ಬರು ಕಡತದ ಅಂಚಿನಲ್ಲಿ ಷರಾ ಬರೆದಿರ್ತಾರೆ, ಅದನ್ನೇ ಪಟ್ಟಿಗೆ ಇಳಿಸಿರ್ತಾರೆ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಗೂ ತಿರಸ್ಕರಿಸೋ ಅಧಿಕಾರ ಇಲ್ಲ. ಅದು ಪರಿಶೀಲಿಸಿ ವರದಿ ಕೊಡಬೇಕು, ತೀರ್ಮಾನ ಗ್ರಾಮಸಭೆದು. ಆದ್ದರಿಂದ ಮೊದಲ ಕೆಲಸ: ಮೂರೂ ಹಂತದ ನಡಾವಳಿಯ ದೃಢೀಕೃತ ನಕಲು, ಹಾಜರಾತಿ ಸಹಿ ಪುಟಗಳ ಸಮೇತ. ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೂರು ಕಚೇರಿಗೆ ಮೂರು ಅರ್ಜಿ ಹಾಕಿ. ಒಂದರಲ್ಲೇ ಎಲ್ಲ ತುರುಕಿದರೆ ಆ ನೆಪದಲ್ಲೇ ವಾಪಸ್ ಬರುತ್ತೆ.

ಕಪಿಲಾ ದಂಡೆ
60 ದಿನ ಕಳೆದೇ ಹೋಗಿದೆಯಲ್ಲ? ಪಟ್ಟಿ ಹಾಕಿ ಎರಡು ವರ್ಷದ ಮೇಲಾಯ್ತು.

ಕೋರ್ಟ್ ಹಾಲ್ 3
ಕಳೆದಿಲ್ಲ. ಈ ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಸೇರಿಸಿದ ನಿಯಮ 12ಎ(3) ಓದಿ. ತಿರಸ್ಕಾರವನ್ನಾಗಲಿ ಮಾರ್ಪಾಡನ್ನಾಗಲಿ ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು. ತಿಳಿಸಿದ ದಿನದಿಂದ 60 ದಿನ ಲೆಕ್ಕ, ಇನ್ನೂ 30 ದಿನ ವಿಸ್ತರಿಸಬಹುದು. ತಿಳಿಸಿಯೇ ಇಲ್ಲ ಎಂದಮೇಲೆ ದಿನಗಣನೆ ಶುರುವೇ ಆಗಿಲ್ಲ. ಮೇಲ್ಮನವಿಯ ಮೊದಲ ಪ್ಯಾರಾದಲ್ಲೇ ‘ನನಗೆ ಲಿಖಿತ ಹಿಂಬರಹ ಇಂದಿಗೂ ತಲುಪಿಲ್ಲ, ಇಂಥ ದಿನ ನಕಲು ಪಡೆದಾಗ ತಿಳಿಯಿತು’ ಎಂದು ದಿನಾಂಕ ಹಾಕಿ ಬರೆಯಿರಿ.

ಒಂದು ಎಚ್ಚರಿಕೆ. ನಕಲು ಕೊಡುವಾಗ ಹಳೆಯ ತಾರೀಕಿನ ‘ಹಿಂಬರಹ ಸ್ವೀಕರಿಸಿದ್ದೇನೆ’ ಅನ್ನೋ ಚೀಟಿಗೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದುಂಟು. ಓದಿಸಿ ಕೇಳದೆ ಯಾವುದಕ್ಕೂ ಒತ್ತಬೇಡಿ, ಸಹಿಯ ಪಕ್ಕದಲ್ಲಿ ಅವತ್ತಿನ ತಾರೀಕು ಬರೆಸಿ.

ಮೇಲ್ಮನವಿ ಹಾಕಿದರೆ ವಿಚಾರಣೆ ದಿನ ಗೊತ್ತುಮಾಡಿ ಕನಿಷ್ಠ 15 ದಿನ ಮುಂಚೆ ಅರ್ಜಿದಾರನಿಗೂ ಗ್ರಾಮಸಭೆಗೂ ತಿಳಿಸಬೇಕು, ಹಾಡಿಯಲ್ಲಿ ಕಾಣುವ ಜಾಗದಲ್ಲಿ ನೋಟಿಸ್ ಅಂಟಿಸಬೇಕು. ಸಮಿತಿ ಗ್ರಾಮಸಭೆಗೆ ವಾಪಸ್ ಕಳಿಸಿದರೆ 30 ದಿನದೊಳಗೆ ಸಭೆ ಸೇರಿ ಅಭಿಪ್ರಾಯ ಹೇಳಬೇಕು.

ಮಂಡ್ಯ ಲಾ
ಸಾರ್, ಈ ಎಸಿ, ಡಿಸಿ ಸುತ್ತಾಟ ಯಾಕೆ? ಸಂವಿಧಾನದ 226ನೇ ವಿಧಿಯಡಿ ನೇರ ಹೈಕೋರ್ಟ್‌ನಲ್ಲಿ ರಿಟ್ ಹಾಕಿ, ಜೊತೆಗೆ ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 10ನೇ ವಿಧಿ, ಐಎಲ್‌ಒ 169 (ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದ) ಇಟ್ಟರೆ ಕೇಸು ಗಟ್ಟಿಯಾಗಲ್ವಾ? ಒಪ್ಪಿಗೆ ಇಲ್ಲದೆ ಯಾರನ್ನೂ ಅವರ ನೆಲದಿಂದ ಬಲವಂತವಾಗಿ ಕದಲಿಸಬಾರದು ಅಂತ ಸ್ಪಷ್ಟವಾಗಿದೆ.

ಕೋರ್ಟ್ ಹಾಲ್ 3
ತಮ್ಮಾ, 169 ಅನ್ನು ಭಾರತ ಒಪ್ಪಿ ಸಹಿ ಹಾಕಿಲ್ಲ. ನಮ್ಮನ್ನು ಕಟ್ಟುವುದು ಅದರ ಹಿಂದಿನ 107, 1957ರದ್ದು. ಭಾರತ 1958ರಲ್ಲೇ ಅನುಮೋದಿಸಿದೆ. ಪಾರಂಪರಿಕವಾಗಿ ನೆಲೆಸಿದ ನೆಲದ ಮೇಲೆ ಒಬ್ಬೊಬ್ಬರ ಹಾಗೂ ಸಮುದಾಯದ ಒಡೆತನ ಗುರುತಿಸಬೇಕು ಎನ್ನುವ 11ನೇ ವಿಧಿ, ಒಪ್ಪಿಗೆಯಿಲ್ಲದೆ ಸ್ಥಳಾಂತರಿಸಬಾರದು ಎನ್ನುವ 12ನೇ ವಿಧಿ ಅದರಲ್ಲಿವೆ. ಆದರೆ 12ರಲ್ಲಿ ರಾಷ್ಟ್ರೀಯ ಭದ್ರತೆ, ಆರ್ಥಿಕ ಅಭಿವೃದ್ಧಿ, ಆರೋಗ್ಯ ಎಂಬ ವಿನಾಯಿತಿಗಳೂ ಇವೆ, ಎದುರು ಪಕ್ಷದವರು ಅದನ್ನೇ ಓದುತ್ತಾರೆ. 2007ರ ಘೋಷಣೆಗೆ ಭಾರತ ಪರವಾಗಿ ಮತ ಹಾಕಿದೆ, ಆದರೂ ಘೋಷಣೆ ಘೋಷಣೆಯೇ, ಒಪ್ಪಂದವಲ್ಲ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ತೀರ್ಪಿನಲ್ಲಿ (2013ರ ಏಪ್ರಿಲ್ 18) ಸುಪ್ರೀಂ ಕೋರ್ಟ್ ಈ ಅಂತಾರಾಷ್ಟ್ರೀಯ ದಾಖಲೆಗಳನ್ನು ಉಲ್ಲೇಖಿಸಿತು, ಆದರೆ ನಿಂತದ್ದು ನಮ್ಮ ಕಾಯ್ದೆಯ ಗ್ರಾಮಸಭೆಯ ಮೇಲೆ. ವಾದಕ್ಕೆ ಒಗ್ಗರಣೆಯಾಗಿ ಬಳಸು, ಸಾರಾಗಿ ಅಲ್ಲ.

ನೇರ ರಿಟ್ ಹಾಕಿದರೆ ‘ಕಾಯ್ದೆಯಲ್ಲೇ ಮೇಲ್ಮನವಿ ಇದೆಯಲ್ಲ, ಅಲ್ಲಿಗೆ ಹೋಗಿ’ ಎಂದು ವಾಪಸ್ ಕಳಿಸುವುದೇ ಹೆಚ್ಚು. ಮೇಲ್ಮನವಿ ಹಾಕಿ ತಿಂಗಳುಗಟ್ಟಲೆ ವಿಚಾರಣೆಯೇ ಆಗದಿದ್ದಾಗ, ಕಾರಣವೇ ಇಲ್ಲದ ಆದೇಶ ಬಂದಾಗ, ಎಬ್ಬಿಸಲು ಕೈಹಾಕಿದಾಗ ರಿಟ್‌ಗೆ ಬಲ. ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ (1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಸೆಕ್ಷನ್ 12). ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಸಾಕು.

ಹಳೇ ಚೈನು
ಕಾನೂನು ಅವರು ಹೇಳಿದರು. ನೆಲದ ಲೆಕ್ಕ ನಾನು ಹೇಳ್ತೀನಿ, ಯಾಕಂದ್ರೆ ಅರ್ಧ ಅರ್ಜಿ ಸಾಯೋದು ಅಲ್ಲೇ.

‘ಉಪಗ್ರಹ ಚಿತ್ರದಲ್ಲಿ ಕಂಡುಬಂದಿಲ್ಲ’ ಅನ್ನೋ ಷರಾಕ್ಕೆ ಉತ್ತರ ನಿಯಮ 12ಎ(11)ರಲ್ಲಿದೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ, ಬದಲಿ ಅಲ್ಲ, ಇಂಥದೇ ದಾಖಲೆ ಬೇಕು ಅಂತ ಸಮಿತಿ ಹಟ ಹಿಡಿಯೋ ಹಾಗೂ ಇಲ್ಲ. ತಾಂತ್ರಿಕವಾಗಿಯೂ ನೋಡಿ. ಮರದ ನೆರಳಲ್ಲಿ ಇಪ್ಪತ್ತು ಗುಂಟೆ ರಾಗಿ, ಅವರೆ ಹಾಕಿದ ತುಂಡು, ಹುಲ್ಲು ಹೊದಿಸಿದ ಗುಡಿಸಲು, ಇವು 2005ರ ಸುಮಾರಿನ ಚಿತ್ರದಲ್ಲಿ ಹೇಗೆ ಕಾಣಬೇಕು? ಬೇಸಿಗೆಯಲ್ಲಿ ತೆಗೆದ ಚಿತ್ರವಾದರೆ ಪೈರೇ ಇರೋದಿಲ್ಲ. ಚಿತ್ರದ ತಾರೀಕು, ಎಷ್ಟು ಮೀಟರಿನ ಸ್ಪಷ್ಟತೆ ಅನ್ನೋದನ್ನ ನಕಲಿನ ಜೊತೆ ಕೇಳಿ. ಬಹಳ ಕಡತದಲ್ಲಿ ಎರಡೂ ಬರೆದಿರೋಲ್ಲ.

ಜಿಪಿಎಸ್ ಅಳತೆ. ಕೈಯಲ್ಲಿ ಹಿಡಿಯೋ ಯಂತ್ರ ಬಯಲಲ್ಲಿ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತೆ, ಮರದ ಕೆಳಗೆ ಹತ್ತು ದಾಟಬಹುದು. ಇಪ್ಪತ್ತು ಗುಂಟೆ ಅಂದ್ರೆ 2,023 ಚದರ ಮೀಟರ್, ಚೌಕವಾದ್ರೆ ಬದಿಗೆ 45 ಮೀಟರ್. ನಾಲ್ಕೂ ಕಡೆ 5 ಮೀಟರ್ ಒಳಕ್ಕೆ ಸರಿದರೆ 35 ಗುಣಿಸು 35, ಅಂದ್ರೆ 1,225. ಹನ್ನೆರಡು ಗುಂಟೆ! ಎಂಟು ಗುಂಟೆ ಗಾಳೀಲಿ ಹೋಯ್ತು. ಹಾಗಾಗಿ ಸಣ್ಣ ಹಿಡುವಳಿಗೆ ಜಿಪಿಎಸ್ ಜೊತೆಗೆ ಟೇಪು ಹಿಡಿಯಲೇಬೇಕು. ಪ್ರತಿ ತಿರುವಲ್ಲೂ ಎರಡು ನಿಮಿಷ ನಿಂತು ಓದು ಸ್ಥಿರವಾದ ಮೇಲೆ ಬರೆದುಕೊಳ್ಳಿ. ಬದಿಗಳ ಉದ್ದ ಟೇಪಿನಲ್ಲಿ ಎಳೆದು, ಒಂದು ಕರ್ಣವನ್ನೂ ಅಳೆಯಿರಿ. ಕರ್ಣ ಇಲ್ಲದ ನಾಲ್ಕು ಬದಿಯಿಂದ ವಿಸ್ತೀರ್ಣ ನಿಖರವಾಗಿ ಬರೋದಿಲ್ಲ.

ಇನ್ನೊಂದು, ಎಲ್ಲ ಕಡೆ ನಡೆಯೋ ತಪ್ಪು. ಡಿಗ್ರಿ-ಮಿನಿಟು-ಸೆಕೆಂಡಿನಲ್ಲಿ ಬಂದದ್ದನ್ನ ದಶಮಾಂಶದ ಕಾಲಂನಲ್ಲಿ ಬರೆಯೋದು. 12 ಡಿಗ್ರಿ 15 ಮಿನಿಟನ್ನ 12.15 ಅಂತ ಬರೆದ್ರೆ ಅದು 12 ಡಿಗ್ರಿ 9 ಮಿನಿಟು ಆಗುತ್ತೆ, ಜಮೀನು 11 ಕಿಲೋಮೀಟರ್ ದಕ್ಷಿಣಕ್ಕೆ ಹಾರುತ್ತೆ. ಆಮೇಲೆ ‘ಜಾಗ ದಟ್ಟ ಕಾಡಿನೊಳಗಿದೆ’ ಅಂತ ವರದಿ. ಸೆಕೆಂಡನ್ನ ಪೂರ್ಣಾಂಕಕ್ಕೆ ಇಳಿಸಿದ್ರೂ ಕೆಟ್ಟಿತು, ಒಂದು ಸೆಕೆಂಡ್ ಅಕ್ಷಾಂಶ ಅಂದ್ರೆ ಸುಮಾರು 31 ಮೀಟರ್. ದಶಮಾಂಶದಲ್ಲಿ ಬರೆದ್ರೆ ಚುಕ್ಕಿ ಆದಮೇಲೆ ಐದು ಅಂಕಿ ಇರಲಿ, ಆಗ ಒಂದು ಮೀಟರಿನ ಆಸುಪಾಸಲ್ಲಿ ನಿಲ್ಲುತ್ತೆ.

ನಕ್ಷೆಯಲ್ಲಿ ಹಾಡಿಯವರು ಗುರುತಿಸೋ ಗುರುತುಗಳನ್ನೇ ಹಾಕಿ: ಹಳ್ಳ, ಬಂಡೆ, ದೇವರ ಮರ, ಆನೆ ಕಂದಕ, ಸಮಾಧಿ ಜಾಗ. ನಿಯಮ 12 ಕೇಳೋದೂ ಅದನ್ನೇ, ಎದ್ದು ಕಾಣೋ ಗುರುತುಗಳಿರೋ ನಕ್ಷೆ. ಚಕ್ಕುಬಂದಿ ಬರೆಯುವಾಗ ನಾಲ್ಕೂ ದಿಕ್ಕಿಗೆ ‘ಅರಣ್ಯ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ.

ಕಪಿಲಾ ದಂಡೆ
ಬಹಳ ಉಪಯೋಗವಾಯ್ತು ಸಾರ್. ಸಾಕ್ಷ್ಯ ಅಂತ ಏನು ಇಡೋದು? ಅವರ ಹತ್ತಿರ ಕಾಗದವೇ ಇಲ್ಲ.

ಪಂಚಾಯ್ತಿ ಕಟ್ಟೆ
ಕಾಗದ ಅವರ ಹತ್ತಿರ ಇಲ್ಲ, ಸರ್ಕಾರದ ಹತ್ತಿರ ಇದೆ. ನಿಯಮ 13ರ ಪಟ್ಟಿಯಿಂದ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು, ಎರಡಿದ್ದರೆ ಸಾಕು, ಮೂರಿದ್ದರೆ ನೆಮ್ಮದಿ. ಹುಡುಕಬೇಕಾದ ಕಡೆಗಳು: 2005ಕ್ಕೆ ಮುಂಚಿನ ಮತದಾರರ ಪಟ್ಟಿ, ಹಾಡಿ ಹತ್ತಿರದ ಆಶ್ರಮ ಶಾಲೆಯ ದಾಖಲಾತಿ ಪುಸ್ತಕ, ಅಂಗನವಾಡಿ ರಿಜಿಸ್ಟರು, ಲ್ಯಾಂಪ್ಸ್ ಸೊಸೈಟಿಯಲ್ಲಿ (ಆದಿವಾಸಿಗಳ ಸಹಕಾರ ಸಂಘ) ಜೇನು, ಸೀಗೆಕಾಯಿ ಹಾಕಿದ ಸದಸ್ಯರ ಲೆಕ್ಕ, ಅರಣ್ಯ ಇಲಾಖೆ ಕೂಲಿ ಕೊಟ್ಟ ಮಸ್ಟರ್ ರೋಲು. ಕಾಗದವೇ ಬೇಡದ ಸಾಕ್ಷ್ಯವೂ ಇದೆ. ಮನೆ, ಬದು, ಸಮತಟ್ಟು ಮಾಡಿದ ನೆಲ, ಬಾವಿ, ಸಮಾಧಿ, ದೇವರ ಜಾಗ ಇವುಗಳ ಮಹಜರು (ಸ್ಥಳ ನೋಡಿ ಬರೆದ ವರದಿ). ಅರ್ಜಿದಾರನಲ್ಲದ ಹಿರಿಯರೊಬ್ಬರ ಲಿಖಿತ ಹೇಳಿಕೆ. ವಂಶವೃಕ್ಷ. ಹಿರಿಯರ ಹೇಳಿಕೆಯನ್ನು ಎಲ್ಲರಿಗೂ ಒಂದೇ ಒಕ್ಕಣೆಯಲ್ಲಿ ಜೆರಾಕ್ಸ್ ಮಾಡಿಸಿ ಹೆಸರು ತುಂಬಿದರೆ ಬೆಲೆ ಇರಲ್ಲ. ‘ಇವನ ತಾತ ಈ ಹಳ್ಳದ ಮಗ್ಗುಲಲ್ಲಿ ಅವರೆ ಹಾಕ್ತಿದ್ದ’ ಅನ್ನೋ ಹಾಗಿರಬೇಕು.

ಕೋರ್ಟ್ ಹಾಲ್ 3
ಒಂದು ಸೇರಿಸುತ್ತೇನೆ. 2005ಕ್ಕೆ ಮುಂಚೆ ಒತ್ತುವರಿ ಎಂದು ಹಾಕಿದ ಅರಣ್ಯ ಮೊಕದ್ದಮೆ, ದಂಡದ ರಸೀದಿ ಇದ್ದರೆ ಅದನ್ನು ಬಚ್ಚಿಡಬೇಡಿ. ಆ ಮನುಷ್ಯ ಆ ತಾರೀಕಿನಲ್ಲಿ ಆ ಜಾಗದಲ್ಲಿದ್ದ ಎಂದು ಇಲಾಖೆಯೇ ಬರೆದುಕೊಟ್ಟ ಸಾಕ್ಷ್ಯ ಅದು. ಭಯಪಟ್ಟು ಹರಿದುಹಾಕಿದವರೇ ಹೆಚ್ಚು. ನಕಲು ಕೋರ್ಟ್ ದಾಖಲೆ ಕೊಠಡಿಯಲ್ಲಿ ಹುಡುಕಿಸಬಹುದು.

ಕಾಡಂಚು
ಹಾಡಿ ಇರುವುದು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲೋ ಒಳಗೋ? ಒಳಗಾದರೆ ಈ ಚರ್ಚೆಯೇ ಬೇರೆ. ವನ್ಯಜೀವಿ ಕಾಯ್ದೆ ಇದೆ. ಸ್ವಯಂ ಪುನರ್ವಸತಿಗೆ ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷ ಆಗಿದೆ. ಆನೆ, ಹುಲಿ ನಡುವೆ ಕರೆಂಟಿಲ್ಲದೆ, ರಸ್ತೆಯಿಲ್ಲದೆ ಕೂರಿಸುವುದೇ ಸಾಮಾಜಿಕ ನ್ಯಾಯವೇ? ಹೊರಬಂದು ಮಕ್ಕಳನ್ನು ಓದಿಸಲು ಬಯಸುವವರೂ ಹಾಡಿಗಳಲ್ಲಿದ್ದಾರೆ. ಅವರ ಮಾತು ಇಂಥ ಚರ್ಚೆಗಳಲ್ಲಿ ಕೇಳುವುದೇ ಇಲ್ಲ.

ಕೋರ್ಟ್ ಹಾಲ್ 3
ಕೊನೆಯ ಮಾತು ನ್ಯಾಯವಾದದ್ದು, ಹೊರಬರುವವರ ಇಷ್ಟವೂ ಹಕ್ಕೇ. ಆದರೆ ‘ಚರ್ಚೆಯೇ ಬೇರೆ’ ಎನ್ನುವುದು ತಪ್ಪು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಅರಣ್ಯ ಹಕ್ಕು ಕಾಯ್ದೆ ಅನ್ವಯ, ಅರಣ್ಯಭೂಮಿಯ ವ್ಯಾಖ್ಯೆಯಲ್ಲೇ ಅವುಗಳ ಹೆಸರಿದೆ. ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲೇ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ವನ್ಯಜೀವಿ ಕಾಯ್ದೆಯ 38ವಿ ಸೆಕ್ಷನ್ನೇ ಹೇಳುತ್ತದೆ: ಸ್ಥಳಾಂತರ ಸ್ವಇಚ್ಛೆಯದಾಗಿರಬೇಕು, ಅದಕ್ಕೆ ಮುಂಚೆ ಹಕ್ಕು ಗುರುತಿಸುವ ಕೆಲಸ ಮುಗಿದಿರಬೇಕು, ಬೇರೆ ದಾರಿಯಿಲ್ಲ ಎಂದು ತೀರ್ಮಾನವಾಗಿರಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು. ಹಕ್ಕು ನಿರ್ಧಾರವಾಗದೆ ಪ್ಯಾಕೇಜಿಗೆ ಸಹಿ ಹಾಕಿದರೆ ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಇನ್ನು ಕರೆಂಟು, ರಸ್ತೆ. ಸೆಕ್ಷನ್ 3(2) ಓದಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಹೀಗೆ 13 ಬಗೆಯ ಕೆಲಸಕ್ಕೆ ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯಭೂಮಿ ಕೊಡಬಹುದು. ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ, ಹೆಕ್ಟೇರಿಗೆ 75 ಮರ ಮೀರಬಾರದು. ಸೌಲಭ್ಯ ಕೊಡದೆ ಇಟ್ಟು, ಸೌಲಭ್ಯವಿಲ್ಲ ಹೊರಡಿ ಎನ್ನುವುದು ಯಾವ ಲೆಕ್ಕ ಸ್ವಾಮಿ?

ಕಾಡಂಚು
3(2) ಗೊತ್ತಿತ್ತು, ಮರದ ಮಿತಿ ಗೊತ್ತಿರಲಿಲ್ಲ. ಆದರೂ ಹುಲಿ ಪ್ರದೇಶದ ನಡುವೆ ಡಾಂಬರು ಬೇಡ ಎಂಬ ನನ್ನ ಮಾತು ಹಾಗೇ ಇರಲಿ.

ಮಂಡ್ಯ ಲಾ
ಮೊದಲೇ ಹೊರಹಾಕಿದವರ ಕಥೆ ಏನು? ಎಪ್ಪತ್ತರ ದಶಕದಿಂದ ನಾಗರಹೊಳೆಯಿಂದ ಆಚೆ ಬಂದು ಕೊಡಗಿನ ತೋಟದ ಲೈನ್ ಮನೆಗಳಲ್ಲಿ ಇರೋರು.

ಕೋರ್ಟ್ ಹಾಲ್ 3
ಸೆಕ್ಷನ್ 3(1)(ಎಂ). 2005ರ ಡಿಸೆಂಬರ್ 13ಕ್ಕೆ ಮುಂಚೆ ಪುನರ್ವಸತಿ ಇಲ್ಲದೆ ಅಕ್ರಮವಾಗಿ ಹೊರಹಾಕಿದವರಿಗೆ ಮೂಲ ಜಾಗದಲ್ಲೇ ಪುನರ್ವಸತಿ, ಬದಲಿ ಭೂಮಿ ಕೇಳುವ ಹಕ್ಕು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ 3,418 ಕುಟುಂಬಗಳ ಲೆಕ್ಕವಿದೆ. ಹೆಸರು ಅದರಲ್ಲಿದ್ದರೆ ಆ ಪುಟವನ್ನು ಸಾಕ್ಷ್ಯವಾಗಿ ಇಡಬಹುದು.

ಪಂಚಾಯ್ತಿ ಕಟ್ಟೆ
ಮೂಲ ಮಾತಿಗೆ ಬರೋಣ. ಗ್ರಾಮಸಭೆ ಯಾವುದು ಸೇರಿತ್ತು, ಹಾಡಿಯದೋ ಇಡೀ ಪಂಚಾಯ್ತಿಯದೋ? ಇದರ ಮೇಲೇ ಎಲ್ಲ ನಿಂತಿದೆ. ಸೆಕ್ಷನ್ 2(ಪಿ) ಪ್ರಕಾರ ದಾಖಲೆಯಲ್ಲಿಲ್ಲದ ಹಾಡಿಯೂ ‘ಗ್ರಾಮ’ವೇ. ನಿಯಮ 2ಎ ಪ್ರಕಾರ ಪಂಚಾಯ್ತಿ ಅಂಥ ಹಾಡಿಗಳ ಪಟ್ಟಿ ಮಾಡಿ, ನಿರ್ಣಯ ಮಾಡಿ ಉಪವಿಭಾಗ ಸಮಿತಿಗೆ ಕಳಿಸಬೇಕು. ಕೋರಂ ಅಂದ್ರೆ ಸದಸ್ಯರಲ್ಲಿ ಅರ್ಧ, ಬಂದವರಲ್ಲಿ ಮೂರನೇ ಒಂದು ಹೆಂಗಸರು, ಹಕ್ಕಿನ ಬಗ್ಗೆ ನಿರ್ಣಯ ಆಗುವಾಗ ಅರ್ಜಿದಾರರಲ್ಲೂ ಅರ್ಧದಷ್ಟು ಹಾಜರು. ನಿಮ್ಮ ಹಾಡಿಯ 120ರಲ್ಲಿ 60 ಜನ, ಅದರಲ್ಲಿ 20 ಹೆಂಗಸರು, 43 ಅರ್ಜಿದಾರರಲ್ಲಿ 22. ಆಗೋ ಮಾತು. ಐದು ಸಾವಿರ ಮತದಾರರ ಪಂಚಾಯ್ತಿ ಸಭೆಯಲ್ಲಿ 2,500 ಜನ ಯಾವತ್ತು ಸೇರ್ತಾರೆ? ಅಂಥ ಸಭೆಯಲ್ಲಿ ತಿರಸ್ಕರಿಸಿದ್ದರೆ ಆ ನಿರ್ಣಯ ನಿಲ್ಲಲ್ಲ. ಹಾಜರಾತಿ ಪುಟ ಕೇಳಿ ಅಂದದ್ದು ಇದಕ್ಕೇ.

ಅರಣ್ಯ ಹಕ್ಕು ಸಮಿತಿಯನ್ನೂ ನೋಡಿ: 10ರಿಂದ 15 ಜನ, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡ, ಮೂರನೇ ಒಂದು ಮಹಿಳೆಯರು. ತನ್ನದೇ ಅರ್ಜಿ ಪರಿಶೀಲಿಸುವಾಗ ಆ ಸದಸ್ಯ ಹೊರಗಿರಬೇಕು, ಹಾಗಂತ ನಡಾವಳಿಯಲ್ಲಿ ಬರೆಯಬೇಕು. ಸ್ಥಳ ತನಿಖೆಗೆ ಅರಣ್ಯ, ಕಂದಾಯ ಇಲಾಖೆಗೆ ಲಿಖಿತ ತಿಳಿವಳಿಕೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬಂದವರು ತಾರೀಕು ಹಾಕಿ ಸಹಿ ಮಾಡಬೇಕು. ಉಪವಿಭಾಗ ಸಮಿತಿಯಲ್ಲಿ ತಾಲ್ಲೂಕು ಪಂಚಾಯ್ತಿಯ ಮೂವರು ಸದಸ್ಯರಿರಬೇಕಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಚುನಾಯಿತರೇ ಇಲ್ಲದೆ ವರ್ಷಗಳು ಹೋದವು, ಬರೀ ಅಧಿಕಾರಿಗಳೇ ಕೂತು ತೀರ್ಮಾನ ಮಾಡಿದ್ದರೆ ಅದನ್ನೂ ಮೇಲ್ಮನವಿಯಲ್ಲಿ ಎತ್ತಿ.

ಕೋರ್ಟ್ ಹಾಲ್ 3
ಅದು ಒಳ್ಳೆಯ ಅಂಶ, ಆದರೆ ಮುಖ್ಯ ಆಧಾರ ಮಾಡಿಕೊಳ್ಳಬೇಡಿ. ಸಮಿತಿಯೇ ಸರಿಯಿಲ್ಲ ಎಂದರೆ ಮೊದಲೇ ಸಿಕ್ಕಿರುವ 12 ಹಕ್ಕುಪತ್ರಗಳ ಬುಡಕ್ಕೂ ಅದು ಬರುತ್ತದೆ.

ಕಪಿಲಾ ದಂಡೆ
ಅಯ್ಯೋ, ಅದು ಹೊಳೆದಿರಲಿಲ್ಲ. ಸರಿ, 75 ವರ್ಷದ ಷರಾ, ಹಿಂಬರಹ ಕೊಡದಿದ್ದದ್ದು, ಕೋರಂ, ಉಪಗ್ರಹ ಚಿತ್ರ, ಈ ಕ್ರಮದಲ್ಲೇ ಬರೆಸ್ತೀನಿ. ಕೊನೆಯದಾಗಿ ಎರಡು: ಗಂಡನ ಹೆಸರಲ್ಲೇ ಅರ್ಜಿ ಹಾಕಿದಾರೆ, ಪರವಾಗಿಲ್ವಾ? ಜೇನಿಗೆ, ಗೆಣಸಿಗೆ ಹೋಗೋ ಕಾಡಿಗೆ ಬೇರೆ ಅರ್ಜಿಯಾ?

ಕೋರ್ಟ್ ಹಾಲ್ 3
ಮದುವೆಯಾದವರಿಗೆ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು, ಸೆಕ್ಷನ್ 4(4). ಈಗಲೇ ಇಬ್ಬರ ಹೆಸರು ಸೇರಿಸಲು ಕೋರಿ. ಹಕ್ಕು ಮಕ್ಕಳಿಗೆ ಬರುತ್ತದೆ, ಮಾರಲು ಆಗುವುದಿಲ್ಲ. ಪ್ರಕ್ರಿಯೆ ಮುಗಿದ ಮೇಲೆ ಮೂರು ತಿಂಗಳೊಳಗೆ ಕಂದಾಯ, ಅರಣ್ಯ ದಾಖಲೆಗೆ ಏರಿಸಬೇಕು, ಬೆನ್ನು ಹತ್ತದಿದ್ದರೆ ಏರಿಸುವುದಿಲ್ಲ. ಜೇನು, ಮೇಣ, ಗೆಡ್ಡೆ, ಔಷಧಿ ಬೇರಿಗೆ ನಮೂನೆ ‘ಬಿ’. ಕಾಡನ್ನು ಕಾಯುವ, ನಿರ್ವಹಿಸುವ ಸಮುದಾಯ ಹಕ್ಕಿಗೆ ನಮೂನೆ ‘ಸಿ’. ಬೇಟೆಗೆ ಹಕ್ಕಿಲ್ಲ. ನನ್ನ ಮಟ್ಟಿಗೆ 31 ತುಂಡು ನೆಲಕ್ಕಿಂತ ಆ ‘ಸಿ’ಯೇ ದೊಡ್ಡದು, ಅದನ್ನು ಹಾಕಿರುವ ಹಾಡಿಗಳೇ ಕಡಿಮೆ.

ಮೇಲ್ಮನವಿ ನಡೆಯುವಾಗ ಯಾರಾದರೂ ಬೇಲಿ ಕಿತ್ತರೆ, ಬೆಳೆ ತುಳಿಸಿದರೆ 2015ರ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯ್ದೆಯ 3(1)(ಜಿ)ಯಲ್ಲಿ ಅರಣ್ಯ ಹಕ್ಕಿಗೆ ಅಡ್ಡಿ ಎಂದೇ ಅಪರಾಧವಿದೆ. ಪೋಟೊ, ತಾರೀಕು ಇಟ್ಟುಕೊಳ್ಳಿ.

ಹಳೇ ಚೈನು
ಮೇಲ್ಮನವಿಯಲ್ಲಿ ವಿಸ್ತೀರ್ಣ ಎಕರೆ-ಗುಂಟೆ, ಹೆಕ್ಟೇರು ಎರಡರಲ್ಲೂ ಬರೆಯಿರಿ. ಕಾಯ್ದೆಯ ಮಿತಿ 4 ಹೆಕ್ಟೇರು, ಅಂದ್ರೆ 9 ಎಕರೆ 35 ಗುಂಟೆ. 1 ಎಕರೆ 20 ಗುಂಟೆ ಅನ್ನೋದನ್ನ 1.20 ಅಂತ ಬರೆದು, ಅದನ್ನ ಮೇಲಿನ ಕಚೇರಿಯಲ್ಲಿ ದಶಮಾಂಶ ಅಂತ ಓದಿದ್ರೆ 1 ಎಕರೆ 8 ಗುಂಟೆ ಆಗುತ್ತೆ. ‘1-20’ ಅಂತ ಗೆರೆ ಹಾಕಿ ಬರೆಯಿರಿ, ಪಕ್ಕದಲ್ಲಿ ಅಕ್ಷರದಲ್ಲೂ.